ಯಾರ ಕರ್ಮ? ಜಿಂಜೂ ನದೀತೀರದ ಗದ್ದೆಗಳ ಇತಿಹಾಸ

ಎಲೆಯ ಮುಂದೆ ಕುಳಿತ ಮನುಷ್ಯನು ಸಾಮಾನ್ಯವಾಗಿ ಅನ್ನವನ್ನು ಸಂಶಯಿಸುವುದಿಲ್ಲ. ಹಳಸಿದ್ದರೆ ಮೂಗು ತಿಳಿಸುತ್ತದೆ. ಹುಳು ಬಿದ್ದಿದ್ದರೆ ಕಣ್ಣು ತಿಳಿಸುತ್ತದೆ. ಕಲ್ಲಿದ್ದರೆ ಹಲ್ಲಿಗೆ ಗೊತ್ತಾಗುತ್ತದೆ. ಆದರೆ ಬಣ್ಣ, ವಾಸನೆ, ರುಚಿ ಇವುಗಳಲ್ಲಿ ಯಾವ ವ್ಯತ್ಯಾಸವೂ ಇಲ್ಲದ, ಸ್ವಂತ ಗದ್ದೆಯಲ್ಲಿ ಬೆಳೆದ, ಮನೆಯವರೇ ಬೇಯಿಸಿದ ಅನ್ನವು ಮೂವತ್ತು ವರ್ಷಗಳ ಅನಂತರ ಉಂಡವರ ಮೂಳೆಗಳನ್ನು ಮುರಿಯುವುದಾದರೆ, ಅದನ್ನು ಮುಂಚಿತವಾಗಿ ತಿಳಿಸುವ ಇಂದ್ರಿಯ ಯಾವುದೂ ಮನುಷ್ಯನಿಗಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಜಪಾನಿನ ಒಂದು ನದೀಬಯಲಿನಲ್ಲಿ ಹೀಗೆಯೇ ನಡೆಯಿತು. ಆ ನೋವಿಗೆ ಕಾರಣ ತಿಳಿಯದಿದ್ದಾಗ ಜನರು ಅದಕ್ಕೆ ಇಟ್ಟ ಹೆಸರುಗಳಲ್ಲಿ ಒಂದು ‘ಕರ್ಮರೋಗ’. ಆ ಹೆಸರು ತಪ್ಪೆಂದು ಸಿದ್ಧವಾಗುವುದಕ್ಕೆ ಅರ್ಧ ಶತಮಾನಕ್ಕಿಂತ ಹೆಚ್ಚು ಕಾಲ ಬೇಕಾಯಿತು. ಆ ಇತಿಹಾಸವು ಗಣಿಗಾರಿಕೆಯ ಇತಿಹಾಸವಾಗಿರುವಂತೆಯೇ ಹೊಣೆಗಾರಿಕೆಯ ಇತಿಹಾಸವೂ ಆಗಿದೆ.

ನದಿ ಮತ್ತು ಗಣಿ

ಜಪಾನಿನ ಮುಖ್ಯ ದ್ವೀಪವಾದ ಹೋನ್‌ಶೂವಿನ ಮಧ್ಯಭಾಗದಲ್ಲಿ, ಗಿಫು ಪ್ರಾಂತದ ಪರ್ವತಗಳಿಂದ ಇಳಿದು ಉತ್ತರಾಭಿಮುಖವಾಗಿ ಹರಿಯುವ ಜಿಂಜೂ ನದಿಯು ತೊಯಾಮಾ ಪ್ರಾಂತದ ಬಯಲನ್ನು ಹಾದು ತೊಯಾಮಾ ಕೊಲ್ಲಿಯನ್ನು ಸೇರುತ್ತದೆ. ಅದರ ಹೆಸರನ್ನು ಬರೆಯುವ ಎರಡು ಅಕ್ಷರಗಳಲ್ಲಿ ಮೊದಲನೆಯದು ದೇವತೆಯನ್ನು ಸೂಚಿಸುವ ಅಕ್ಷರ. ಬಯಲಿನ ಜನರಿಗೆ ಆ ನದಿ ನಿಜವಾಗಿಯೂ ಅನ್ನದಾತೆಯಾಗಿತ್ತು. ಅದರ ನೀರು ಕಾಲುವೆಗಳಲ್ಲಿ ಹರಿದು ಗದ್ದೆಗಳನ್ನು ತುಂಬುತ್ತಿತ್ತು. ಅದೇ ನೀರನ್ನು ಜನರು ಕುಡಿಯುತ್ತಿದ್ದರು, ಅಡಿಗೆಗೆ ಬಳಸುತ್ತಿದ್ದರು.

ನದಿಯ ಮೇಲ್ಭಾಗದಲ್ಲಿ, ತಕಾಹಾರಾ ಎಂಬ ಉಪನದಿಯ ದಡದ ಮೇಲೆ ಕಾಮಿಯೋಕಾ ಗಣಿಯಿದೆ. ಹದಿನಾರನೆಯ ಶತಮಾನದ ಕೊನೆಯ ಭಾಗದಿಂದಲೇ ಅಲ್ಲಿ ಬೆಳ್ಳಿಯನ್ನೂ ಸೀಸವನ್ನೂ ತೆಗೆಯುತ್ತಿದ್ದರು. ೧೮೭೪ರಲ್ಲಿ ಮಿತ್ಸುಯಿ ವ್ಯಾಪಾರಸಂಸ್ಥೆ ಅಲ್ಲಿ ಕಾಲಿಟ್ಟಿತು. ಕ್ರಮೇಣ ಇಡೀ ಗಣಿ ಅದರ ವಶವಾಯಿತು. ಆವರೆಗೆ ಬೆಳ್ಳಿ ಸೀಸಗಳೊಂದಿಗೆ ಬರುತ್ತಿದ್ದ ಸತುವಿನ ಅದಿರಿಗೆ ಬೆಲೆಯಿರಲಿಲ್ಲ. ಅದನ್ನು ಕಸವೆಂದು ಎಸೆಯುತ್ತಿದ್ದರು. ೧೯೦೪–೦೫ರ ರಷ್ಯಾ–ಜಪಾನ್ ಯುದ್ಧದ ಕಾಲಕ್ಕೆ ಸತುವಿಗೆ ಬೇಡಿಕೆ ಬಂದು ಕಾಮಿಯೋಕಾ ಮುಖ್ಯವಾಗಿ ಸತುವಿನ ಗಣಿಯಾಗಿ ಬೆಳೆಯತೊಡಗಿತು. ಮುಂದಿನ ಒಂದೊಂದು ಯುದ್ಧವೂ ಆ ಬೇಡಿಕೆಯನ್ನು ಹೆಚ್ಚಿಸಿತು.

ಸತುವು ಭೂಮಿಯಲ್ಲಿ ಒಂಟಿಯಾಗಿರುವುದಿಲ್ಲ. ಅದರ ಅದಿರಿನೊಳಗೆ ಕ್ಯಾಡ್ಮಿಯಮ್ ಎಂಬ ಇನ್ನೊಂದು ಲೋಹ ಅಲ್ಪ ಪ್ರಮಾಣದಲ್ಲಿ ಬೆರೆತಿರುತ್ತದೆ. ಅದು ಬೆಟ್ಟದ ಹೊಟ್ಟೆಯಲ್ಲಿ ಕಲ್ಲಿನೊಳಗೆ ಬಂಧಿತವಾಗಿರುವವರೆಗೆ ಯಾರಿಗೂ ಅಪಾಯಕಾರಿಯಲ್ಲ. ಆದರೆ ಹೊಸ ವಿಧಾನದಲ್ಲಿ ಅದಿರನ್ನು ಹಿಟ್ಟಿನಷ್ಟು ನುಣ್ಣಗೆ ಅರೆದು, ನೀರಿನಲ್ಲಿ ಕದಡಿ, ನೊರೆಯೆಬ್ಬಿಸಿ, ಬೇಕಾದ ಲೋಹದ ಕಣಗಳನ್ನು ನೊರೆಯೊಡನೆ ಮೇಲಕ್ಕೆತ್ತುತ್ತಿದ್ದರು. ಉಳಿದ ರಾಡಿ ಹೊಳೆಯ ಪಾಲಾಗುತ್ತಿತ್ತು. ಅರೆದಷ್ಟೂ ಕಣ ಸಣ್ಣದಾಗುತ್ತದೆ. ಸಣ್ಣದಾದಷ್ಟೂ ಅದು ನೀರಿನಲ್ಲಿ ದೂರ ಹೋಗುತ್ತದೆ. ಪರ್ವತಗಳ ನಡುವಿನ ಕಡಿದಾದ ಕಣಿವೆಯಲ್ಲಿ ವೇಗವಾಗಿ ಹರಿದುಬಂದ ನೀರು ಬಯಲಿಗೆ ಬಂದು ನಿಧಾನವಾದಾಗ ಆ ಕಣಗಳು ನೆಲೆ ನಿಂತವು. ಅವು ನೆಲೆ ನಿಂತ ಸ್ಥಳವೇ ಭತ್ತದ ಗದ್ದೆ.

ಮೊದಲು ಇದನ್ನು ಗಮನಿಸಿದವರು ರೈತರೇ. ಪೈರು ಸೊರಗುವುದು, ಹೊಳೆಯ ಮೀನು ಸಾಯುವುದು, ನೀರು ಹಾಲಿನಂತೆ ಬೆಳ್ಳಗಾಗುವುದು ಅವರ ಕಣ್ಣಿಗೆ ಬಿದ್ದಿತ್ತು. ಎರಡನೆಯ ಮಹಾಯುದ್ಧಕ್ಕಿಂತ ಎಷ್ಟೋ ಮೊದಲೇ ಅವರು ದೂರು ಕೊಟ್ಟಿದ್ದರು. ಯುದ್ಧಾನಂತರದ ವರ್ಷಗಳಲ್ಲಿ ಬೆಳೆಹಾನಿಯ ಲೆಕ್ಕದಲ್ಲಿ ಸ್ವಲ್ಪ ಹಣವೂ ಕಂಪನಿಯಿಂದ ಅವರಿಗೆ ದೊರೆಯಿತು. ಇಲ್ಲಿ ಒಂದು ಅಂಶವನ್ನು ಗಮನಿಸತಕ್ಕದ್ದು. ಗಣಿಯ ನೀರು ಪೈರನ್ನು ಕೆಡಿಸುತ್ತದೆಯೆಂಬ ಸಂಗತಿ ಗೊತ್ತಿತ್ತು. ಆ ಪೈರನ್ನು ಉಣ್ಣುವ ಮನುಷ್ಯನಿಗೆ ಏನಾಗುತ್ತದೆಯೆಂಬ ಪ್ರಶ್ನೆಯನ್ನು ಮಾತ್ರ ಕೇಳಬೇಕಾದವರು ಕೇಳಲಿಲ್ಲ.

ಹೆಸರಿಲ್ಲದ ನೋವು

೧೯೧೦ರ ದಶಕದಿಂದ ಆ ಬಯಲಿನ ಹಳ್ಳಿಗಳಲ್ಲಿ ಒಂದು ವಿಚಿತ್ರ ರೋಗ ಕಾಣಿಸಿಕೊಂಡಿತು. ಅದಕ್ಕೆ ತುತ್ತಾದವರಲ್ಲಿ ಹೆಚ್ಚಿನವರು ಹಲವು ಮಕ್ಕಳನ್ನು ಹೆತ್ತು ಬೆಳೆಸಿದ, ಆ ಊರುಗಳಲ್ಲಿ ದಶಕಗಳ ಕಾಲ ಬಾಳಿದ, ನಡುವಯಸ್ಸು ದಾಟಿದ ರೈತ ಹೆಂಗಸರು. ಮೊದಲು ಸೊಂಟದಲ್ಲಿ, ತೊಡೆಯಲ್ಲಿ ನೋವು. ದಿನ ಕಳೆದಂತೆ ನಡಿಗೆ ಬಾತುಕೋಳಿಯಂತೆ ಓಲಾಡತೊಡಗುವುದು. ಅನಂತರ ಎಡವಿದರೆ, ಹೊರಳಿದರೆ, ಕೊನೆಗೆ ಕೆಮ್ಮಿದರೂ ಮೂಳೆ ಮುರಿಯುವುದು. ಒಬ್ಬ ರೋಗಿಯ ದೇಹದಲ್ಲಿ ೭೨ ಮುರಿತಗಳಿದ್ದುದನ್ನೂ, ದೇಹ ಕುಗ್ಗಿ ಎತ್ತರ ಸುಮಾರು ೩೦ ಸೆಂಟಿಮೀಟರಿನಷ್ಟು ಕಡಮೆಯಾದುದನ್ನೂ ವೈದ್ಯರು ದಾಖಲಿಸಿದ್ದಾರೆ. ಕೊನೆಯವರೆಗೂ ಬುದ್ಧಿ ಮಾತ್ರ ಸ್ಪಷ್ಟವಾಗಿರುತ್ತಿತ್ತು. ಆದುದರಿಂದ ನೋವು ಒಂದಿಷ್ಟೂ ಮರೆಯಾಗುತ್ತಿರಲಿಲ್ಲ. ಜಪಾನೀ ಭಾಷೆಯಲ್ಲಿ ‘ಇತಾಯ್’ ಎಂದರೆ ನೋಯುತ್ತದೆ ಎಂದರ್ಥ. ‘ಇತಾಯ್, ಇತಾಯ್’ ಎಂದು ಅವರು ನರಳುತ್ತಿದ್ದುದರಿಂದ ರೋಗಕ್ಕೆ ಅದೇ ಹೆಸರು ಬಂದಿತು. ೧೯೫೫ರಲ್ಲಿ ಸ್ಥಳೀಯ ಪತ್ರಿಕೆಯೊಂದು ಆ ಹೆಸರಿನಿಂದಲೇ ಸುದ್ದಿಯನ್ನು ಪ್ರಕಟಿಸಿತು.

ಅದಕ್ಕೆ ಮೊದಲು ಜನರು ಇದನ್ನು ಕರೆಯುತ್ತಿದ್ದ ಹೆಸರುಗಳು ಬೇರೆ. ವಿಚಿತ್ರರೋಗ, ಊರಿನ ರೋಗ ಎಂಬವು ಅವುಗಳಲ್ಲಿ ಕೆಲವು. ಇನ್ನೊಂದು ‘ಗೋಬ್ಯೋ’. ಸಂಸ್ಕೃತದ ಕರ್ಮವೆಂಬ ಪರಿಕಲ್ಪನೆಯು ಬೌದ್ಧಧರ್ಮದೊಡನೆ ಚೀನಾದ ಮಾರ್ಗವಾಗಿ ಜಪಾನನ್ನು ಸೇರಿದಾಗ ‘ಗೋ’ ಎಂಬ ಶಬ್ದವನ್ನು ಪಡೆಯಿತು. ‘ಬ್ಯೋ’ ಎಂದರೆ ರೋಗ. ಪೂರ್ವಜನ್ಮದ ಪಾಪದ ಫಲವಾಗಿ ಬಂದ ರೋಗವೆಂದು ಇದರ ಅರ್ಥ. ಈ ಹೆಸರಿನ ಪರಿಣಾಮ ರೋಗದಷ್ಟೇ ಕ್ರೂರವಾಗಿತ್ತು. ಮನೆಯವರು ರೋಗಿಯನ್ನು ಹಿಂದಿನ ಕೋಣೆಯಲ್ಲಿ ಬಚ್ಚಿಟ್ಟರು. ಆ ಮನೆಗೆ ಹೆಣ್ಣು ಕೊಡುವುದಕ್ಕೂ ಆ ಮನೆಯಿಂದ ಹೆಣ್ಣು ತರುವುದಕ್ಕೂ ಜನ ಹಿಂಜರಿದರು. ರೋಗಿಯು ತನ್ನ ನೋವಿನ ಜೊತೆಗೆ ತಾನೇ ಅದಕ್ಕೆ ಕಾರಣಳೆಂಬ ನಾಚಿಕೆಯನ್ನೂ ಹೊತ್ತುಕೊಂಡಳು. ಹೊಳೆಯ ಮೇಲ್ಭಾಗದಲ್ಲಿ ಯಂತ್ರಗಳು ಅದಿರನ್ನು ಅರೆಯುತ್ತಲೇ ಇದ್ದವು.

ನಕ್ಷೆಯ ಮೇಲಿನ ಚುಕ್ಕೆಗಳು

ಈ ಹಳ್ಳಿಗಳ ನಡುವೆ, ಫುಚೂ ಎಂಬ ಊರಿನಲ್ಲಿ, ಹಗಿನೋ ಮನೆತನದ ಆಸ್ಪತ್ರೆಯಿತ್ತು. ೧೯೧೫ರಲ್ಲಿ ಹುಟ್ಟಿದ ಡಾ. ಹಗಿನೋ ನೊಬೊರು ಯುದ್ಧದಿಂದ ೧೯೪೬ರಲ್ಲಿ ಹಿಂದಿರುಗಿ ಆ ಆಸ್ಪತ್ರೆಯನ್ನು ವಹಿಸಿಕೊಂಡರು. ನೋವಿನಿಂದ ಕೂಗುವ ಹೆಂಗಸರ ಸಂಖ್ಯೆ ಅವರನ್ನು ಬೆರಗುಗೊಳಿಸಿತು. ಪಾಠಪುಸ್ತಕಗಳಲ್ಲಿ ಕಲಿತ ಯಾವ ರೋಗಕ್ಕೂ ಅದು ಪೂರ್ತಿಯಾಗಿ ಹೊಂದುತ್ತಿರಲಿಲ್ಲ. ಮೊದಲಿಗೆ ಅವರೂ ಇತರ ವೈದ್ಯರಂತೆಯೇ ಅಪೌಷ್ಟಿಕತೆ, ಅತಿಶ್ರಮ, ಬಿಸಿಲಿನ ಕೊರತೆ ಇವುಗಳೇ ಕಾರಣವೆಂದು ಭಾವಿಸಿದರು. ಆದರೆ ಬಡತನವೂ ದುಡಿಮೆಯೂ ಜಪಾನಿನ ಎಲ್ಲ ಹಳ್ಳಿಗಳಲ್ಲಿದ್ದವು. ಈ ರೋಗ ಮಾತ್ರ ಇಲ್ಲಿಯೇ ಇತ್ತು. ಆ ಒಂದು ಪ್ರಶ್ನೆಗೆ ಹಳೆಯ ಅಭಿಪ್ರಾಯದಲ್ಲಿ ಉತ್ತರವಿರಲಿಲ್ಲ.

ಹಗಿನೋ ಅವರು ಆ ಪ್ರದೇಶದ ನಕ್ಷೆಯ ಮೇಲೆ ರೋಗಿಗಳ ಮನೆಗಳನ್ನು ಒಂದೊಂದಾಗಿ ಚುಕ್ಕೆಯಿಟ್ಟು ಗುರುತಿಸಿದರು. ಚುಕ್ಕೆಗಳು ಎಲ್ಲೆಂದರಲ್ಲಿ ಹರಡಲಿಲ್ಲ. ಜಿಂಜೂ ನದಿಯ ಎರಡು ಬದಿಗಳಲ್ಲಿ, ಪೂರ್ವದ ಕುಮಾನೋ ಮತ್ತು ಪಶ್ಚಿಮದ ಇದಾ ಎಂಬ ಎರಡು ಸಣ್ಣ ನದಿಗಳ ನಡುವಣ ಪಟ್ಟಿಯಲ್ಲಿ ಮಾತ್ರ ಅವು ಗುಂಪುಗೂಡಿದವು. ಆ ಪಟ್ಟಿ ಜಿಂಜೂ ನದಿಯ ನೀರು ಹಾಯುವ ಪ್ರದೇಶ. ಕುಮಾನೋ ಅಥವಾ ಇದಾ ನದಿಯ ನೀರಿನಿಂದ ಬೇಸಾಯ ಮಾಡುವ ಹಳ್ಳಿಗಳಲ್ಲಿ, ಅದೇ ದುಡಿಮೆ, ಅದೇ ಊಟ, ಅದೇ ಬಿಸಿಲು ಇದ್ದರೂ ರೋಗವಿರಲಿಲ್ಲ. ಪೂರ್ವಜನ್ಮದ ಪಾಪವು ಕಾಲುವೆಯ ಗಡಿಯನ್ನು ಅನುಸರಿಸಿ ಹಂಚಿಕೆಯಾಗುವುದು ಅಸಾಧ್ಯ. ರೋಗಕ್ಕೆ ಕಾರಣ ರೋಗಿಯಲ್ಲಿಲ್ಲ, ನೀರಿನಲ್ಲಿದೆ ಎಂಬುದು ಆ ನಕ್ಷೆಯಿಂದ ಸ್ಪಷ್ಟವಾಯಿತು. ೧೯೫೭ರಲ್ಲಿ ಹಗಿನೋ ಅವರು ತಮ್ಮ ಹಿಂದಿನ ಅಭಿಪ್ರಾಯವನ್ನು ಬಿಟ್ಟು, ಗಣಿಯ ವಿಷವೇ ರೋಗಕ್ಕೆ ಮೂಲವೆಂದು ವೈದ್ಯರ ಸಭೆಯಲ್ಲಿ ಸಾರಿದರು.

ಇದಕ್ಕೆ ದೊರೆತ ಪ್ರತಿಫಲ ಪರಿಹಾಸ. ಹಳ್ಳಿಯ ವೈದ್ಯನೊಬ್ಬನಿಗೆ ಸಂಶೋಧನೆಯ ಅರ್ಹತೆಯೇನೆಂದು ದೊಡ್ಡ ಸಂಸ್ಥೆಗಳವರು ಕೇಳಿದರು. ಹಣಕ್ಕಾಗಿ, ಹೆಸರಿಗಾಗಿ ಮಾಡುತ್ತಿದ್ದಾರೆಂದು ಇತರರು ಆಡಿಕೊಂಡರು. ಊರಿನವರಲ್ಲಿಯೂ ಕೆಲವರಿಗೆ ಅಸಮಾಧಾನವಾಯಿತು. ರೋಗದ ಸುದ್ದಿ ಹರಡಿದರೆ ಈ ಬಯಲಿನ ಅಕ್ಕಿಯನ್ನು ಕೊಳ್ಳುವವರು ಯಾರು, ಇಲ್ಲಿಗೆ ಸೊಸೆಯಾಗಿ ಬರುವವರು ಯಾರು ಎಂಬುದು ಅವರ ಭಯವಾಗಿತ್ತು. ಆ ಭಯವನ್ನು ಹಗುರವಾಗಿ ಕಾಣುವಂತಿಲ್ಲ. ಸತ್ಯವನ್ನು ಹೇಳುವುದರಿಂದ ಬರುವ ನಷ್ಟವನ್ನು ಅನೇಕವೇಳೆ ಅನ್ಯಾಯಕ್ಕೆ ಒಳಗಾದವನೇ ಮೊದಲು ಭರಿಸಬೇಕಾಗುತ್ತದೆ.

ಯಾವ ವಿಷವೆಂಬುದು ಇನ್ನೂ ಗೊತ್ತಾಗಿರಲಿಲ್ಲ. ಕೃಷಿವಿಜ್ಞಾನಿ ಯೋಶಿಯೋಕಾ ಕಿನ್‌ಇಚಿ ಅವರೂ, ನೀರಿನ ವಿಶ್ಲೇಷಣೆಯಲ್ಲಿ ಪರಿಣತರಾಗಿದ್ದ ಒಕಾಯಾಮಾ ವಿಶ್ವವಿದ್ಯಾಲಯದ ಕೋಬಯಾಶಿ ಜುನ್ ಅವರೂ ಹಗಿನೋ ಅವರ ನೆರವಿಗೆ ಬಂದರು. ನದಿಯ ನೀರು, ಗದ್ದೆಯ ಮಣ್ಣು, ಅಕ್ಕಿ, ಮೃತರ ಮೂಳೆ ಮತ್ತು ಅವಯವಗಳು ಇವುಗಳ ಪರೀಕ್ಷೆಯಿಂದ ಕ್ಯಾಡ್ಮಿಯಮ್ ಬೆಳಕಿಗೆ ಬಂದಿತು. ೧೯೬೧ರಲ್ಲಿ ಹಗಿನೋ ಮತ್ತು ಯೋಶಿಯೋಕಾ ಕ್ಯಾಡ್ಮಿಯಮ್ಮೇ ಕಾರಣವೆಂಬ ನಿರ್ಣಯವನ್ನು ವಿದ್ವತ್ಸಭೆಯ ಮುಂದಿಟ್ಟರು.

ಮಣ್ಣಿನಿಂದ ಕಾಳಿಗೆ, ಕಾಳಿನಿಂದ ಮೂಳೆಗೆ

ಈ ಲೋಹದ ಮಾರ್ಗವನ್ನು ಅರಿತರೆ ಅದು ಇಷ್ಟು ಕಾಲ ಮರೆಯಾಗಿದ್ದುದು ಹೇಗೆಂಬುದು ತಿಳಿಯುತ್ತದೆ. ಗದ್ದೆಯಲ್ಲಿ ನೀರು ನಿಂತಿರುವಾಗ ಮಣ್ಣಿಗೆ ಗಾಳಿ ತಾಗುವುದಿಲ್ಲ. ಆಗ ಕ್ಯಾಡ್ಮಿಯಮ್ ಗಂಧಕದೊಡನೆ ಕೂಡಿ ಕರಗದ ರೂಪದಲ್ಲಿ ಅಡಗಿರುತ್ತದೆ. ಕೊಯ್ಲಿಗೆ ಮುಂಚೆ ನೀರನ್ನು ಬಸಿದು ಗದ್ದೆಯನ್ನು ಒಣಗಿಸಿದಾಗ ಮಣ್ಣಿನೊಳಗೆ ಗಾಳಿಯಾಡಿ ಆ ಬಂಧ ಬಿಡುತ್ತದೆ. ಲೋಹ ಕರಗುವ ರೂಪಕ್ಕೆ ಬರುತ್ತದೆ. ಅದೇ ಸಮಯದಲ್ಲಿ ಪೈರು ಕಾಳು ಕಟ್ಟುತ್ತಿರುತ್ತದೆ. ಬೇರು ತನಗೆ ಬೇಕಾದ ಮ್ಯಾಂಗನೀಸ್ ಮೊದಲಾದ ಪೋಷಕಗಳನ್ನು ಹೀರಿಕೊಳ್ಳುವ ದಾರಿಯಲ್ಲಿಯೇ ಕ್ಯಾಡ್ಮಿಯಮ್ ಕೂಡ ಒಳಗೆ ಹೋಗುತ್ತದೆ. ಕಾಲುವೆಯ ನೀರು ಗದ್ದೆಗೆ ಹಾಯುವ ಬಾಯಿಯ ಬಳಿ ಮಣ್ಣಿನಲ್ಲಿ ವಿಷ ಹೆಚ್ಚು, ದೂರ ಹೋದಂತೆ ಕಡಮೆ. ಮನುಷ್ಯನಿಗೆ ಹಾನಿಮಾಡುವಷ್ಟು ಕ್ಯಾಡ್ಮಿಯಮ್ ಇದ್ದರೂ ಪೈರು ಹಸುರಾಗಿಯೇ ನಿಲ್ಲಬಲ್ಲುದು, ತೆನೆ ತುಂಬಿ ಬಾಗಬಲ್ಲುದು. ಪೈರು ಸೊರಗಿದರೆ ರೈತನಿಗೆ ಎಚ್ಚರಿಕೆ ದೊರೆಯುತ್ತದೆ; ಸಮೃದ್ಧವಾದ ಬೆಳೆಯಿಂದ ಯಾವ ಎಚ್ಚರಿಕೆಯೂ ದೊರೆಯುವುದಿಲ್ಲ.

ದೇಹದೊಳಗೆ ಹೋದ ಕ್ಯಾಡ್ಮಿಯಮ್ ಸುಲಭವಾಗಿ ಹೊರಬರುವುದಿಲ್ಲ. ಅದರ ಅರ್ಧ ಭಾಗ ಹೊರಹೋಗುವುದಕ್ಕೂ ಹತ್ತರಿಂದ ಮೂವತ್ತು ವರ್ಷ ಬೇಕು. ಅದು ಮುಖ್ಯವಾಗಿ ಮೂತ್ರಪಿಂಡದಲ್ಲಿ ಶೇಖರವಾಗುತ್ತದೆ. ಮೂತ್ರಪಿಂಡದ ಸೂಕ್ಷ್ಮ ನಾಳಗಳು ದೇಹಕ್ಕೆ ಬೇಕಾದ ವಸ್ತುಗಳನ್ನು ಮರಳಿ ಹೀರಿಕೊಂಡು ಬೇಡವಾದುದನ್ನು ಮಾತ್ರ ಹೊರಕ್ಕೆ ಕಳಿಸುತ್ತವೆ. ಅವು ಕೆಟ್ಟರೆ ಮೂಳೆಯನ್ನು ಗಟ್ಟಿಯಾಗಿಡುವ ರಂಜಕವೂ ಸುಣ್ಣದ ಅಂಶವೂ ಮೂತ್ರದೊಡನೆ ಸೋರಿಹೋಗುತ್ತವೆ. ಮೂಳೆ ಮೆತ್ತಗಾಗುತ್ತದೆ. ಶರೀರದಲ್ಲಿ ಕಬ್ಬಿಣದ ಅಂಶ ಕಡಮೆಯಿರುವವರು ಕ್ಯಾಡ್ಮಿಯಮ್ಮನ್ನು ಹೆಚ್ಚಾಗಿ ಹೀರಿಕೊಳ್ಳುತ್ತಾರೆ. ಹೆರಿಗೆ, ಹಾಲೂಡಿಸುವಿಕೆಗಳಿಂದ ಸೊರಗಿದ ತಾಯಂದಿರೇ ಈ ರೋಗಕ್ಕೆ ಹೆಚ್ಚಾಗಿ ಬಲಿಯಾದುದಕ್ಕೆ ಇದೂ ಒಂದು ಕಾರಣ. ಮಕ್ಕಳಿಗಾಗಿ ದೇಹವನ್ನು ಸವೆಸಿದವರ ಮೇಲೆಯೇ ವಿಷ ಹೆಚ್ಚು ಭಾರವಾಗಿ ಬಿದ್ದಿತು. ಅವರನ್ನೇ ಸಮಾಜ ಪಾಪಿಗಳೆಂದು ಕರೆಯಿತು.

ನ್ಯಾಯಾಲಯದಲ್ಲಿ

೧೯೬೬ರಲ್ಲಿ ರೋಗಿಗಳೂ ಅವರ ಮನೆಯವರೂ ಸೇರಿ ಒಂದು ಪ್ರತಿಕಾರ ಸಮಿತಿಯನ್ನು ಕಟ್ಟಿದರು. ರೈತರಾದ ಕೊಮಾತ್ಸು ಯೋಶಿಹಿಸಾ ಅದರ ಮುಂದಾಳುಗಳಾದರು. ಬಚ್ಚಿಟ್ಟಿದ್ದ ರೋಗಿಯನ್ನು ಮನೆಯ ಹೊರಗೆ ತಂದು, ಇದು ನಮ್ಮ ಪಾಪದ ಫಲವಲ್ಲ ಎಂದು ಊರಿನೆದುರು ಹೇಳುವುದೇ ಅವರ ಮೊದಲ ಹೋರಾಟವಾಗಿತ್ತು. ೧೯೬೮ರ ಮಾರ್ಚ್ ೯ರಂದು ಅವರು ಮಿತ್ಸುಯಿ ಗಣಿ ಮತ್ತು ಲೋಹಶೋಧನ ಕಂಪನಿಯ ಮೇಲೆ ತೊಯಾಮಾ ಜಿಲ್ಲಾ ನ್ಯಾಯಾಲಯದಲ್ಲಿ ದಾವೆ ಹೂಡಿದರು. ದೇಶದ ಅತಿ ಬಲಿಷ್ಠ ಉದ್ಯಮಸಮೂಹವೊಂದರ ಎದುರು ಭತ್ತ ಬೆಳೆಯುವವರು ನಿಂತಿದ್ದರು. ಅದೇ ವರ್ಷದ ಮೇ ತಿಂಗಳಿನಲ್ಲಿ ಜಪಾನ್ ಸರಕಾರದ ಆರೋಗ್ಯ ಇಲಾಖೆಯು ಈ ರೋಗಕ್ಕೆ ಕಾಮಿಯೋಕಾ ಗಣಿಯಿಂದ ಬಂದ ಕ್ಯಾಡ್ಮಿಯಮ್ ಕಾರಣವೆಂದು ಒಪ್ಪಿಕೊಂಡಿತು. ಉದ್ಯಮದ ಮಾಲಿನ್ಯದಿಂದ ಉಂಟಾದ ರೋಗವೆಂದು ಆ ದೇಶದ ಸರಕಾರ ಅಂಗೀಕರಿಸಿದ ಮೊದಲನೆಯ ರೋಗ ಇದು.

ವಿಚಾರಣೆಯಲ್ಲಿ ಕಂಪನಿಯ ವಾದ ವಿಜ್ಞಾನದ ಹೆಸರಿನಲ್ಲಿಯೇ ನಡೆಯಿತು. ಕ್ಯಾಡ್ಮಿಯಮ್ ದೇಹದಲ್ಲಿ ಹೇಗೆ ಈ ರೋಗವನ್ನು ಉಂಟುಮಾಡುತ್ತದೆಯೆಂಬುದು ಕೊನೆಯ ಹಂತದವರೆಗೆ ಸಿದ್ಧವಾಗಿಲ್ಲ, ಆದುದರಿಂದ ಮತ್ತೆ ತಜ್ಞರ ಪರೀಕ್ಷೆ ನಡೆಯಲಿ ಎಂದು ಅದು ಬೇಡಿತು. ನ್ಯಾಯಾಲಯ ಆ ಬೇಡಿಕೆಯನ್ನು ತಿರಸ್ಕರಿಸಿತು. ರೋಗ ಎಲ್ಲಿದೆ, ಎಲ್ಲಿಲ್ಲ, ಯಾರಿಗೆ ಬಂದಿದೆ, ಎಷ್ಟು ಕಾಲ ಆ ನೀರನ್ನು ಬಳಸಿದವರಿಗೆ ಬಂದಿದೆ ಎಂಬ ಸಾಕ್ಷ್ಯದಿಂದಲೇ ಕಾರಣವನ್ನು ನಿರ್ಣಯಿಸಬಹುದೆಂದು ಅದು ಹೇಳಿತು. ಗಣಿಯ ತ್ಯಾಜ್ಯದಿಂದ ಹಾನಿಯಾದಾಗ ಗಣಿಯವರ ಅಜಾಗರೂಕತೆಯನ್ನು ಬೇರೆಯಾಗಿ ಸಿದ್ಧಪಡಿಸಬೇಕಾಗಿಲ್ಲ, ಹಾನಿಯಾದುದೇ ಹೊಣೆಗೆ ಸಾಕು ಎಂಬ ನಿಯಮ ಜಪಾನಿನ ಗಣಿ ಕಾನೂನಿನಲ್ಲಿ ಮೊದಲೇ ಇತ್ತು. ೧೯೭೧ರ ಜೂನ್ ೩೦ರಂದು ತೀರ್ಪು ಸಂತ್ರಸ್ತರ ಪರವಾಗಿ ಬಂದಿತು. ಮಿನಾಮಾಟಾ, ನೀಗಾಟಾ, ಯೊಕ್ಕಾಯಿಚಿ ಇವುಗಳೊಡನೆ ಜಪಾನಿನ ನಾಲ್ಕು ಮಹಾ ಮಾಲಿನ್ಯ ಮೊಕದ್ದಮೆಗಳೆಂದು ಹೆಸರಾದವುಗಳಲ್ಲಿ ಮೊದಲನೆಯ ಗೆಲವು ಇದು. ಕಂಪನಿ ಮೇಲ್ಮನವಿ ಸಲ್ಲಿಸಿತು. ೧೯೭೨ರ ಆಗಸ್ಟ್ ೯ರಂದು ಉಚ್ಚ ನ್ಯಾಯಾಲಯವೂ ಸಂತ್ರಸ್ತರ ಪರವಾಗಿಯೇ ತೀರ್ಪಿತ್ತು ಪರಿಹಾರದ ಮೊತ್ತವನ್ನು ಹೆಚ್ಚಿಸಿತು.

ಗೆದ್ದ ಮರುದಿನ

ಮೊಕದ್ದಮೆಯನ್ನು ಗೆದ್ದವರು ಹಣವನ್ನು ಪಡೆದು ಮನೆಗೆ ಹೋಗಬಹುದಾಗಿತ್ತು. ಈ ರೈತರು ಹಾಗೆ ಮಾಡಲಿಲ್ಲ. ತೀರ್ಪಿನ ಮರುದಿನವೇ ಅವರು ಟೋಕಿಯೋ ನಗರದಲ್ಲಿದ್ದ ಕಂಪನಿಯ ಪ್ರಧಾನ ಕಚೇರಿಯಲ್ಲಿ ಮಾತುಕತೆಗೆ ಕುಳಿತರು. ಅಲ್ಲಿಂದ ಮೂರು ಲಿಖಿತಗಳನ್ನು ಪಡೆದು ಎದ್ದರು. ಮೊದಲನೆಯದು ಮೊಕದ್ದಮೆಯಲ್ಲಿ ಹೆಸರಿಲ್ಲದ ರೋಗಿಗಳಿಗೂ ಪರಿಹಾರ ಕೊಡುವ ವಾಗ್ದಾನ. ಎರಡನೆಯದು ಕೆಟ್ಟ ಮಣ್ಣಿನ ಮತ್ತು ಬೆಳೆಯ ನಷ್ಟವನ್ನು ತುಂಬಿಕೊಡುವ ವಾಗ್ದಾನ. ಮೂರನೆಯದು ಎಲ್ಲಕ್ಕಿಂತ ಅಪೂರ್ವವಾದುದು. ಹಳ್ಳಿಗರು ತಾವು ಬಯಸಿದಾಗ ತಮ್ಮ ವಿಜ್ಞಾನಿಗಳೊಡನೆ ಗಣಿಯನ್ನೂ ಕಾರ್ಖಾನೆಯನ್ನೂ ಪ್ರವೇಶಿಸಿ ಪರೀಕ್ಷಿಸಬಹುದು, ಕಂಪನಿ ತನ್ನ ಲೆಕ್ಕಪತ್ರಗಳನ್ನು ತೋರಿಸಬೇಕು, ಪರೀಕ್ಷೆಯ ವೆಚ್ಚವನ್ನೂ ಕಂಪನಿಯೇ ಕೊಡಬೇಕು ಎಂಬುದು ಅದರ ಸಾರ.

ಅದೇ ವರ್ಷದ ನವೆಂಬರಿನಲ್ಲಿ ಮೊದಲನೆಯ ಪರೀಕ್ಷೆ ನಡೆಯಿತು. ಆಮೇಲೆ ವರ್ಷಕ್ಕೊಮ್ಮೆ ರೈತರು, ವಕೀಲರು, ವಿದ್ವಾಂಸರು ಗುಂಪಾಗಿ ನದಿಯ ಮೇಲ್ಭಾಗಕ್ಕೆ ಹೋಗಿ, ಯಾವ ಕೊಳವೆಯಿಂದ ಯಾವ ನೀರು ಬರುತ್ತದೆ, ತ್ಯಾಜ್ಯದ ರಾಶಿಗಳ ಸ್ಥಿತಿಯೇನು, ಹಳೆಯ ಸುರಂಗಗಳಿಂದ ಏನು ಸೋರುತ್ತದೆ ಎಂದು ನೋಡುವ ಪದ್ಧತಿ ಅರ್ಧ ಶತಮಾನ ಕಾಲ ನಡೆದುಬಂದಿದೆ. ಮೊದಲ ವರ್ಷಗಳಲ್ಲಿ ಎರಡು ಪಕ್ಷಗಳ ನಡುವೆ ದ್ವೇಷವೇ ತುಂಬಿತ್ತು. ಕ್ರಮೇಣ ಕಂಪನಿಯ ತಂತ್ರಜ್ಞರೂ ಹಳ್ಳಿಗರ ಸಲಹೆಯನ್ನು ಕೇಳುವ ಸ್ಥಿತಿ ಬಂದಿತು. ಜಿಂಜೂ ನದಿಯ ನೀರಿನಲ್ಲಿ ಕ್ಯಾಡ್ಮಿಯಮ್ಮಿನ ಪ್ರಮಾಣ ಮಲಿನವಾಗದ ನದಿಗಳ ಮಟ್ಟಕ್ಕೆ ಇಳಿಯಿತು. ಕಾಮಿಯೋಕಾದಲ್ಲಿ ಅದಿರು ತೆಗೆಯುವ ಕೆಲಸ ೨೦೦೧ರಲ್ಲಿ ನಿಂತಿತು. ಹಳೆಯ ಸುರಂಗಗಳ ಮತ್ತು ತ್ಯಾಜ್ಯದ ರಾಶಿಗಳ ಮೇಲಿನ ಎಚ್ಚರ ನಿಲ್ಲಲಿಲ್ಲ.

ನೀರು ಶುದ್ಧವಾದರೂ ಮಣ್ಣು ತಾನಾಗಿ ಶುದ್ಧವಾಗುವುದಿಲ್ಲ. ಹರಿಯುವ ನೀರು ತನ್ನ ಕೊಳೆಯನ್ನು ಬಿಟ್ಟು ಮುಂದೆ ಹೋಗುತ್ತದೆ. ಮಣ್ಣು ತನಗೆ ಬಂದುದನ್ನು ಇಟ್ಟುಕೊಳ್ಳುತ್ತದೆ. ೧೯೭೦ರಲ್ಲಿ ಜಪಾನ್ ಕೃಷಿಭೂಮಿಯ ಮಾಲಿನ್ಯವನ್ನು ತಡೆಯುವ ಕಾನೂನನ್ನು ಮಾಡಿತು. ಒಂದು ಕಿಲೋಗ್ರಾಂ ಅಕ್ಕಿಯಲ್ಲಿ ೧ ಮಿಲಿಗ್ರಾಂ ಕ್ಯಾಡ್ಮಿಯಮ್ ಇದ್ದರೆ ಅದನ್ನು ಆಹಾರವಾಗಿ ಬಳಸಕೂಡದೆಂದು ಗೊತ್ತುಮಾಡಿತು. ಅದಕ್ಕಿಂತ ಕಡಮೆಯಿದ್ದರೂ ೦.೪ ಮಿಲಿಗ್ರಾಮಿಗೆ ಮೀರಿದ ಅಕ್ಕಿಯನ್ನು ಸರಕಾರವೇ ಕೊಂಡು ಕೈಗಾರಿಕೆಯ ಅಂಟು ತಯಾರಿಸುವುದಕ್ಕೆ ಕೊಡುತ್ತಿತ್ತು. ೨೦೧೦ರಲ್ಲಿ ಆ ಮಿತಿಯನ್ನೇ ೦.೪ಕ್ಕೆ ಇಳಿಸಲಾಯಿತು. ಉಣ್ಣುವುದಕ್ಕೆಂದು ಬಿತ್ತಿದ ಬೆಳೆ ಅಂಟಿನ ಸರಕಾದಾಗ, ಹಣ ದೊರೆತರೂ ಬೆಳೆದವನ ಮನಸ್ಸಿಗೆ ಸಮಾಧಾನ ದೊರೆಯುವುದಿಲ್ಲ.

ಜಿಂಜೂ ಬಯಲಿನಲ್ಲಿ ಸುಮಾರು ೧೫೦೦ ಹೆಕ್ಟೇರ್ ಭೂಮಿ ಮಲಿನವೆಂದು ನಿರ್ಣಯವಾಯಿತು. ಮಣ್ಣನ್ನು ಸರಿಪಡಿಸುವ ಕೆಲಸ ೧೯೭೯ರಲ್ಲಿ ಆರಂಭವಾಗಿ ೨೦೧೨ರಲ್ಲಿ ಮುಗಿಯಿತು. ಮೂವತ್ತಮೂರು ವರ್ಷಗಳಲ್ಲಿ ಸುಮಾರು ೮೬೩ ಹೆಕ್ಟೇರ್, ಎಂದರೆ ಎರಡು ಸಾವಿರದ ನೂರು ಎಕರೆಗೂ ಮಿಗಿಲಾದ ಗದ್ದೆ ಮತ್ತೆ ಬೇಸಾಯಕ್ಕೆ ಸಿದ್ಧವಾಯಿತು. ಸುಮಾರು ೪೦೦೦ ಕೋಟಿ ಯೆನ್ ಖರ್ಚಾಯಿತು. ವಿಷದ ಮೇಲ್ಮಣ್ಣನ್ನು ತೆಗೆದು ಆಳದಲ್ಲಿ ಹೂಳಿ, ಅದರ ಮೇಲೆ ಬೇರಿಳಿಯದಂತೆ ಗಟ್ಟಿ ಪದರವನ್ನು ಹಾಕಿ, ಬೇರೆಡೆಯಿಂದ ತಂದ ಒಳ್ಳೆಯ ಮಣ್ಣನ್ನು ಹರಡುವುದು ಅಲ್ಲಿ ಬಳಸಿದ ವಿಧಾನ. ವಿಷ ಅಲ್ಲಿಂದ ಹೋಗಿಲ್ಲ. ಹಸುರು ಪೈರಿನ ಕೆಳಗೆ ಅದು ಇದ್ದೇ ಇದೆ. ಆದುದರಿಂದ ಆ ಗದ್ದೆಯನ್ನು ಎಷ್ಟು ಆಳ ಅಗೆಯಬಹುದೆಂಬುದನ್ನು ಮೊಮ್ಮಕ್ಕಳಿಗೂ ತಿಳಿಸಿ ಹೋಗಬೇಕಾದ ಹೊಣೆ ಅಲ್ಲಿಯ ಹಿರಿಯರದು.

ಮರೆವು ಎಷ್ಟು ಬೇಗ ಬರುತ್ತದೆಯೆಂಬುದಕ್ಕೂ ಈ ಇತಿಹಾಸದಲ್ಲಿ ನಿದರ್ಶನವಿದೆ. ತೀರ್ಪು ಬಂದ ಮೂರೇ ವರ್ಷಗಳಲ್ಲಿ, ೧೯೭೫ರ ಸುಮಾರಿಗೆ, ಕ್ಯಾಡ್ಮಿಯಮ್ ಕಾರಣವೆಂಬುದೇ ಸುಳ್ಳೆಂಬ ವಾದ ರಾಜಕಾರಣಿಗಳಿಂದಲೂ ಪತ್ರಿಕೆಗಳಿಂದಲೂ ಮತ್ತೆ ಎದ್ದಿತು. ಹೊಸ ರೋಗಿಗಳಿಗೆ ಮಾನ್ಯತೆ ದೊರೆಯುವುದು ಕಠಿನವಾಯಿತು. ಕಾಲಕ್ರಮದಲ್ಲಿ ಸರಕಾರದಿಂದ ಮಾನ್ಯತೆ ಪಡೆದ ರೋಗಿಗಳ ಸಂಖ್ಯೆ ಸುಮಾರು ೨೦೦. ಅದಕ್ಕೂ ಮೊದಲು, ರೋಗಕ್ಕೆ ಹೆಸರೇ ಇಲ್ಲದ ಕಾಲದಲ್ಲಿ ಹಿಂದಿನ ಕೋಣೆಗಳಲ್ಲಿ ಸತ್ತವರು ಯಾವ ಪಟ್ಟಿಯಲ್ಲಿಯೂ ಇಲ್ಲ. ಮೂತ್ರಪಿಂಡ ಕೆಟ್ಟಿದ್ದರೂ ಮೂಳೆ ಮುರಿಯದ ಕಾರಣ ರೋಗಿಗಳೆಂದು ಎಣಿಕೆಗೆ ಬಾರದಿದ್ದವರಿಗೆ ತಲಾ ೬ ಲಕ್ಷ ಯೆನ್ ಕೊಡುವ ಒಪ್ಪಂದ ೨೦೧೩ರ ಡಿಸೆಂಬರ್ ೧೭ರಂದು ಆಯಿತು. ಅಂದು ಕಂಪನಿ ಕ್ಷಮೆ ಕೋರಿತು. ಹಳ್ಳಿಗರು ಅದನ್ನು ಸ್ವೀಕರಿಸಿದರು. ೧೯೯೦ರಲ್ಲಿ ತೀರಿಕೊಂಡ ಡಾ. ಹಗಿನೋ ಆ ದಿನವನ್ನು ನೋಡಲಿಲ್ಲ.

ಕ್ರಿಯೆ ಯಾರದು?

ಈ ಇತಿಹಾಸದಲ್ಲಿ ಕೊಲ್ಲಬೇಕೆಂಬ ಉದ್ದೇಶವಿದ್ದವರು ಯಾರೂ ಕಾಣುವುದಿಲ್ಲ. ಸುರಂಗದಲ್ಲಿ ಅಗೆದವನು ಕೂಲಿಗಾಗಿ ಅಗೆದನು. ಅದಿರನ್ನು ಅರೆದವನು ಅಪ್ಪಣೆಯಂತೆ ಅರೆದನು. ಸತುವನ್ನು ಕೊಂಡವನು ತನ್ನ ಮನೆಯ ತಗಡಿಗೆ ತುಕ್ಕು ಹಿಡಿಯದಿರಲೆಂದು ಕೊಂಡನು. ಉದ್ದೇಶವಿರಲಿಲ್ಲವೆಂಬ ಮಾತು ಆರಂಭದ ವರ್ಷಗಳಿಗೆ ಸಲ್ಲಬಹುದು. ಆದರೆ ಪೈರು ಸೊರಗುತ್ತದೆಂದು ಗೊತ್ತಾದ ಮೇಲೆ, ರೈತನು ಬಾಗಿಲಿಗೆ ಬಂದು ಹೇಳಿದ ಮೇಲೆ, ಹಾನಿಗೆ ಹಣ ಕೊಟ್ಟ ಮೇಲೆ ಅದೇ ರಾಡಿಯನ್ನು ಅದೇ ನದಿಗೆ ಬಿಡುವುದನ್ನು ಅಜ್ಞಾನವೆನ್ನಲಾಗದು. ಅದು ಪ್ರಮಾದ. ನೋಡಬೇಕಾದುದನ್ನು ನೋಡದಿರುವುದು, ಕೇಳಬೇಕಾದುದನ್ನು ಕೇಳದಿರುವುದು, ಎಚ್ಚರವಿರಬೇಕಾದಲ್ಲಿ ಎಚ್ಚರ ತಪ್ಪುವುದು ಹಿಂಸೆಯ ಒಂದು ದ್ವಾರವೆಂದು ಬಲ್ಲವರಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ.

ಕರ್ಮವೆಂಬ ಶಬ್ದದ ಮೂಲಾರ್ಥ ಕ್ರಿಯೆ. ಮಾಡಿದವನಿಗೆ ಅವನ ಕ್ರಿಯೆಯ ಹೊಣೆಯನ್ನು ನೆನಪಿಸುವುದೇ ಆ ತತ್ತ್ವದ ಪ್ರಯೋಜನ. ಅದು ತನ್ನನ್ನು ತಾನು ಪರೀಕ್ಷಿಸಿಕೊಳ್ಳುವುದಕ್ಕೆ ಇರುವ ಕನ್ನಡಿ. ನರಳುವ ಇನ್ನೊಬ್ಬರ ಮುಖಕ್ಕೆ ಹಿಡಿಯುವುದಕ್ಕಲ್ಲ. ಜಿಂಜೂ ಬಯಲಿನಲ್ಲಿ ಆ ಶಬ್ದ ತಿರುಗುಮುರುಗಾಗಿ ಬಳಕೆಯಾಯಿತು. ಮಾಡಿದವರ ಕ್ರಿಯೆಯ ಲೆಕ್ಕವನ್ನು ಅನುಭವಿಸಿದವರ ಹೆಸರಿಗೆ ಬರೆಯಲಾಯಿತು. ಹಗಿನೋ ಅವರ ನಕ್ಷೆ, ಕೋಬಯಾಶಿ ಅವರ ಪರೀಕ್ಷೆ, ರೈತರ ದಾವೆ ಇವೆಲ್ಲ ಸೇರಿ ಮಾಡಿದ ಕೆಲಸವೆಂದರೆ ಆ ಲೆಕ್ಕವನ್ನು ಅದರ ನಿಜವಾದ ಹೆಸರಿಗೆ ತಿದ್ದಿ ಬರೆದುದು. ಅಷ್ಟಕ್ಕೆ ನಿಲ್ಲದೆ ಅವರು ಪ್ರತೀಕಾರದ ಬದಲು ಎಚ್ಚರವನ್ನು ಆರಿಸಿಕೊಂಡರು. ತಮ್ಮನ್ನು ಕೆಡಿಸಿದ ಗಣಿಗೆ ವರ್ಷ ವರ್ಷವೂ ಹೋಗಿ, ಇನ್ನೊಬ್ಬರಿಗೆ ಇದೇ ಗತಿ ಬಾರದಿರಲೆಂದು ನೀರನ್ನು ಪರೀಕ್ಷಿಸಿದರು.

ಲೋಹವಿಲ್ಲದೆ ಇಂದಿನ ಬಾಳು ನಡೆಯುವುದಿಲ್ಲ. ಗಣಿಗಳು ಎಲ್ಲ ದೇಶಗಳಲ್ಲಿಯೂ ಇರುತ್ತವೆ. ಪ್ರತಿಯೊಂದು ಗಣಿಯ ಕೆಳಗೂ ಒಂದು ನದಿಯೋ ಹಳ್ಳವೋ ಇರುತ್ತದೆ, ಅದರ ಕೆಳಗೆ ಯಾರದೋ ಗದ್ದ��ಯಿರುತ್ತದೆ. ಅಲ್ಲಿ ಯಾರಾದರೂ ನೋವೆಂದು ಕೂಗಿದಾಗ, ಅದು ಅವರ ಹಣೆಯ ಬರಹವೆಂದು ಹೇಳುವ ಮೊದಲು, ಹೊಳೆಯ ಜಾಡನ್ನು ಹಿಡಿದು ಮೇಲಕ್ಕೆ ಹೋಗಿ ನೋಡುವುದು ಧರ್ಮ.